ಎಂಟು ಮಹಡಿಯ ಬುದ್ಧಿ

ಏಳನೇ ಕ್ಲಾಸಿನಲ್ಲಿ ಎರಡು ಸಲ ಕೂತು, ಎರಡು ಸಲವೂ ಫೇಲಾಗಿ ಎದ್ದು ಬಂದ ಮನುಷ್ಯನೊಬ್ಬ ದಿನಕ್ಕೆ ಅರವತ್ತು ಸಲ ಎಂಟನೇ ಮಹಡಿಗೆ ಹೋಗಿ ಬರುತ್ತಿದ್ದ. ಆ ಕಚೇರಿಯಲ್ಲಿ ಎರಡೆರಡು ಡಿಗ್ರಿ ಮಾಡಿದವರಿದ್ದರು, ಚಿನ್ನದ ಪದಕ ಕೊರಳಿಗೆ ಹಾಕಿಸಿಕೊಂಡವರಿದ್ದರು. ಅವರಲ್ಲಿ ಒಬ್ಬರೂ ಸ್ವಂತ ಕಾಲಿನ ಬಲದಿಂದ ಮೂರನೇ ಮಹಡಿ ದಾಟಿದವರಲ್ಲ. ಇವನು ಹಿಡಿ ತಿರುಗಿಸಿದರೆ ಮೇಲೆ, ಬಿಟ್ಟರೆ ಅಲ್ಲೇ. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಎಲ್ಲರೂ ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಅವನಿಗೆ ಬೇರೆ ಹೆಸರಿರಬಹುದು ಎಂಬ ಅನುಮಾನ ಯಾರಿಗೂ ಬಂದಿರಲಿಲ್ಲ.

ಒಂದು ದಿನ ಆರನೇ ಮಹಡಿಯಿಂದ, ಅಂದರೆ ಸಿಬ್ಬಂದಿ ವಿಭಾಗದಿಂದ, ಒಂದು ಕಾಗದ ಇಳಿದು ಬಂತು. ಹೊಸ ಲಿಫ್ಟ್ ಬರಲಿದೆ, ಅದರಲ್ಲಿ ಗುಂಡಿಗಳಿವೆ, ಹೋಗುವವರು ತಾವೇ ಒತ್ತಿಕೊಳ್ಳಬಹುದು, ಆದ್ದರಿಂದ ಲಿಫ್ಟ್ ಚಾಲಕನ ಹುದ್ದೆ ಮೂರು ತಿಂಗಳ ನಂತರ ಇರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಹುದ್ದೆ ಇರುವುದಿಲ್ಲ, ಸರಿ. ಹುದ್ದೆಯ ಒಳಗೆ ಕೂತಿದ್ದ ಮನುಷ್ಯ ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆಯಲು ಕಾಗದದಲ್ಲಿ ಜಾಗ ಸಾಲದೆ ಹೋಗಿತ್ತು. ಆ ಕಾಗದವನ್ನು ಆರನೇ ಮಹಡಿಯಿಂದ ನೆಲಮಹಡಿಗೆ ತಂದು ಟಪಾಲಿಗೆ ಹಾಕಿದ್ದೂ, ಟಪಾಲಿನವರು ಅವನಿಗೇ ಕೊಟ್ಟಾಗ ಈಸಿಕೊಂಡದ್ದೂ ಲಿಫ್ಟಣ್ಣನೇ.

ಮನೆಯಲ್ಲಿ ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. ಅಳಲಿಲ್ಲ. ಯೋಚನೆ ಮಾಡಿ ಒಂದು ಉಪಾಯ ಹೇಳಿದಳು.

"ನೀವು ಅಲ್ಲಿ ಸುಮ್ನೆ ಕೂತಿರ್ತೀರಿ, ಅದಕ್ಕೇ ಅವರ ಕಣ್ಣು ಬಿದ್ದಿರೋದು. ಕೈಯಲ್ಲಿ ಒಂದು ಪೆನ್ನು ಹಿಡ್ಕೊಂಡು ಏನಾದ್ರೂ ಬರೀತಾ ಇರಿ. ಬರೆಯೋರನ್ನ ಯಾರೂ ಕೆಲಸದಿಂದ ತೆಗೆಯಲ್ಲ ರೀ."

ಕಚೇರಿಗಳ ಬಗ್ಗೆ ಇಷ್ಟು ಆಳವಾದ ಮಾತನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಲಿಫ್ಟಣ್ಣ ಒಪ್ಪಿಕೊಂಡ. ಆದರೆ ಏನು ಬರೆಯುವುದು? ಮನೆಗೆ ಬರುತ್ತಿದ್ದುದು ಒಂದೇ ಒಂದು ವಾರಪತ್ರಿಕೆ. ಧಾರಾವಾಹಿಗಾಗಿ ಅವಳು ತರಿಸುತ್ತಿದ್ದದ್ದು. ಅದರಲ್ಲಿ ಬರೆಯಲು ಜಾಗ ಬಿಟ್ಟಿದ್ದ ಪುಟವೂ ಒಂದೇ: ಪದಬಂಧ. ನಲವತ್ತೆರಡು ಸುಳಿವು, ಕಪ್ಪು ಬಿಳಿ ಚೌಕ. ಸೋಮವಾರ ಬೆಳಿಗ್ಗೆ ಲಿಫ್ಟಣ್ಣ ಆ ಪುಟವನ್ನು ತೊಡೆಯ ಮೇಲೆ ಹರಡಿಕೊಂಡು, ಪೆನ್ನಿನ ಟೋಪಿ ತೆಗೆದು, ತನ್ನ ಸ್ಟೂಲಿನ ಮೇಲೆ ಕೂತ. ಮೊದಲ ಸುಳಿವು ಓದಿದ. ಪೆನ್ನಿನ ಟೋಪಿ ಮತ್ತೆ ಹಾಕಿದ.

ಆಗ ಮೂರನೇ ಮಹಡಿಯ ಟೈಪಿಸ್ಟ್ ಅಮ್ಮ ಹತ್ತಿದರು. ಹಳೆಯ ಲಿಫ್ಟ್ ಒಂದೊಂದು ಮಹಡಿಗೂ ಹನ್ನೊಂದು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಜಾಲರಿ ಬಾಗಿಲು, ಅದರಾಚೆ ಗೋಡೆ, ನೋಡುವುದಕ್ಕೆ ಏನೂ ಇಲ್ಲ. ಅವರ ಕಣ್ಣು ತಾನಾಗಿ ಲಿಫ್ಟಣ್ಣನ ತೊಡೆಯ ಮೇಲೆ ಬಿತ್ತು. ಪದಬಂಧ ಬಿಡಿಸ್ತೀರಾ ನೀವು ಎಂದು ಕೇಳಿದರು. ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಲಿಫ್ಟಣ್ಣ, ಹೂಂ, ಏನೋ ಹೀಗೇ ಸ್ವಲ್ಪ, ಎಂದ. ಟೈಪಿಸ್ಟ್ ಅಮ್ಮ ಬಗ್ಗಿ, ಕತ್ತರಿಸಿದರೂ ನೋಯದೆ ಮತ್ತೆ ಬೆಳೆಯುವುದು, ಮೂರಕ್ಷರ, ಎಂದು ಓದಿ, ತಮ್ಮ ಬೆರಳನ್ನೇ ನೋಡಿಕೊಂಡು, "ಉಗುರು ಅಲ್ವಾ?" ಎಂದರು. ಲಿಫ್ಟಣ್ಣ ನಿಧಾನವಾಗಿ ತಲೆ ಆಡಿಸಿ ಬರೆದ. ಅಕ್ಷರ ಮಾತ್ರ ಅವನದು ಗುಂಡುಗುಂಡಾಗಿತ್ತು.

ಮುಂದಿನ ಸವಾರಿ ಐದನೇ ಮಹಡಿಯ ಕಾನೂನು ಅಧಿಕಾರಿಗಳದ್ದು. ಎಷ್ಟು ಕೊಟ್ಟರೂ ಮುಗಿಯದು, ಯಾರೂ ತೆಗೆದುಕೊಳ್ಳರು, ನಾಲ್ಕಕ್ಷರ. "ಉಪದೇಶ," ಎಂದು ಹೇಳಿ ಅವರು ಹಿಂತಿರುಗಿ ನೋಡದೆ ಇಳಿದುಹೋದರು. ಹೀಗೆ ಹೇಳಿ ಹಾಗೆ ಹೊರಟುಹೋಗುವುದರಲ್ಲಿ ಓದಿದವರಿಗೆ ಒಂದು ಸುಖವಿದೆ. ಓದಿದವರ ಎದುರಿಗೆ ಖಾಲಿ ಚೌಕ ಇಟ್ಟರೆ ಅವರು ಸುಮ್ಮನೆ ಇರಲಾರರು. ಗಾಯ ಕಂಡ ನೊಣದ ಹಾಗೆ ಹೋಗಿ ಕೂರುತ್ತಾರೆ. ಏಳನೇ ಮಹಡಿಯ ಎಂಜಿನಿಯರು ಒಂದು ಹೇಳಿದರು. ಎರಡನೇ ಮಹಡಿಯ ರೆಕಾರ್ಡ್ ರೂಮಿನವನು ಒಂದು ಹೇಳಿದ. ಆರನೇ ಮಹಡಿಯ ಸಿಬ್ಬಂದಿ ಮೇಡಂ, ಲಿಫ್ಟಣ್ಣನನ್ನು ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕಿದ ಅದೇ ಮೇಡಂ, ಇಳಿಯುವ ಮಹಡಿ ಬಂದರೂ ಇಳಿಯದೆ ನಿಂತು ಒಂದು ಹೇಳಿದರು. ಕಡೆಗೆ ಎಂಟನೇ ಮಹಡಿಯ ದೊಡ್ಡ ಸಾಹೇಬರೂ, ಎಲ್ಲಿ ನೋಡೋಣ, ಎಂದು ಕನ್ನಡಕ ಮೇಲೆತ್ತಿ ಒಂದು ಹೇಳಿದರು. ಮಂಗಳವಾರ ಸಂಜೆಗೆ ನಲವತ್ತೆರಡೂ ತುಂಬಿತ್ತು. ಒಂದೂ ಲಿಫ್ಟಣ್ಣನದಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಟೈಪಿಸ್ಟ್ ಅಮ್ಮ ಹೇಳಿದ್ದು ಒಂದು ಪದ. ಉಳಿದ ನಲವತ್ತೊಂದು ಯಾರು ಬಿಡಿಸಿದರು? ಲಿಫ್ಟಣ್ಣ. ಕಾನೂನು ಅಧಿಕಾರಿಗಳು ಹೇಳಿದ್ದು ಒಂದು. ಉಳಿದ ನಲವತ್ತೊಂದು? ಲಿಫ್ಟಣ್ಣನೇ. ಎಂಟು ಮಹಡಿಯಲ್ಲಿ ಯಾರನ್ನು ಕೇಳಿದರೂ ಲೆಕ್ಕ ಇಷ್ಟೇ ಬರುತ್ತಿತ್ತು. ಪಕ್ಕದ ಮಹಡಿಯವನು ಒಂದು ಪದ ಹೇಳಿರಬಹುದು ಎಂಬ ಯೋಚನೆ ಯಾರ ತಲೆಗೂ ಬರಲಿಲ್ಲ. ಪಕ್ಕದ ಮಹಡಿಯವನ ತಲೆಯಲ್ಲಿ ಏನೂ ಇಲ್ಲ ಎಂಬುದು ಆ ಕಟ್ಟಡದ ಪಾಯದಷ್ಟೇ ಹಳೆಯ ನಂಬಿಕೆ.

ಹೆಂಡತಿ ಪುಟ ಕತ್ತರಿಸಿ ಅಂಚೆಗೆ ಹಾಕಿದಳು. ಎರಡು ವಾರ ಕಳೆದು ಸರಿ ಉತ್ತರ ಕಳಿಸಿದವರ ಪಟ್ಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಲಿಫ್ಟಣ್ಣ ಎಂದೇ ಅವನ ಹೆಸರು ಬಂತು. ಮುಂದಿನ ವಾರವೂ ಬಂತು. ಅದರ ಮುಂದಿನ ವಾರ ಮೊದಲನೆಯದಾಗಿ ಬಂತು. ಕಾನೂನು ಅಧಿಕಾರಿಗಳು ಹದಿನಾಲ್ಕು ವರ್ಷದಿಂದ ಅದೇ ಪತ್ರಿಕೆಗೆ ತಾವೇ ಬಿಡಿಸಿದ ಪದಬಂಧ ಕಳಿಸುತ್ತಿದ್ದರು, ಪ್ರತಿ ವಾರವೂ ಒಂದೇ ಒಂದು ತಪ್ಪಿನಿಂದ ಪಟ್ಟಿ ತಪ್ಪಿಸಿಕೊಳ್ಳುತ್ತಿದ್ದರು. ಅವರು ಎರಡು ದಿನ ಮೆಟ್ಟಿಲು ಹತ್ತಿ ಹೋದರು. ಮೂರನೇ ದಿನ ಮಂಡಿ ನೋವು ಬಂದು, ಲಿಫ್ಟಿಗೇ ಬಂದು, ನಿಮ್ಮ ಗುರುಗಳು ಯಾರು ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಸುದ್ದಿ ಷಡ್ಡಕನ ಕಿವಿಗೂ ಬಿತ್ತು. ಹೆಂಡತಿಯ ಅಕ್ಕನ ಗಂಡ ಕಾಲೇಜಿನಲ್ಲಿ ಪಾಠ ಹೇಳುವವನು. ಮದುವೆಯಾದಂದಿನಿಂದ ಲಿಫ್ಟಣ್ಣನ ಜೊತೆ ಅವನು ಆಡಿದ್ದು ಎರಡೇ ವಿಷಯ: ಲಿಫ್ಟ್ ಬಿದ್ದರೆ ಏನಾಗುತ್ತದೆ, ಮತ್ತು ಇನ್ನೂ ಬಿದ್ದಿಲ್ಲವೇ. ಭಾನುವಾರ ಬೆಳಿಗ್ಗೆ ಅವನು ಹೆಂಡತಿ ಸಮೇತ ಬಂದು, ಚಹಾ ಲೋಟ ಕೆಳಗಿಡುವ ಮೊದಲೇ ಪರೀಕ್ಷೆ ಶುರು ಮಾಡಿದ.

"ಮೂವತ್ತು ಅಡಿ ಬಾವಿ. ಒಂದು ಕಪ್ಪೆ ಹಗಲು ಮೂರಡಿ ಹತ್ತುತ್ತೆ, ರಾತ್ರಿ ಎರಡಡಿ ಜಾರುತ್ತೆ. ಎಷ್ಟನೇ ದಿನ ಮೇಲೆ ಬರುತ್ತೆ? ಹೇಳಪ್ಪ."

ಲಿಫ್ಟಣ್ಣನಿಗೆ ಹೊಳೆದದ್ದು, ಆ ಕಪ್ಪೆಗೆ ಒಬ್ಬ ಲಿಫ್ಟಿನವನು ಬೇಕು ಎಂಬುದೊಂದೇ. ಅದನ್ನು ಹೇಳುವ ಹಾಗಿರಲಿಲ್ಲ. ಆದ್ದರಿಂದ ಅವನು ಸೂರಿನ ಕಡೆ ನೋಡುತ್ತ ಕೂತ. ಒಂದು ನಿಮಿಷವಾಯಿತು. ಅತ್ತಿಗೆ ಕೆಮ್ಮಿದಳು. ಷಡ್ಡಕನ ಕಾಲು ತಾನೇ ಕುಣಿಯತೊಡಗಿತು. ಉತ್ತರ ಗೊತ್ತಿರುವವನಿಗೆ ಮೌನ ತಡೆಯಲು ಆಗುವುದಿಲ್ಲ. ಗೊತ್ತಿಲ್ಲದವನಿಗೆ ಅದೇ ಆರಾಮ.

"ಮೂವತ್ತು ಅಂತ ತಾನೇ ಅಂದ್ಕೋತಿದ್ದೀಯ? ಎಲ್ಲ ದಡ್ಡರೂ ಅದನ್ನೇ ಅನ್ನೋದು," ಎಂದ ಷಡ್ಡಕ.

ಲಿಫ್ಟಣ್ಣ ಇಲ್ಲವೆಂದು ತಲೆ ಆಡಿಸಿದ.

"ಮತ್ತೆ? ಇಪ್ಪತ್ತೆಂಟು ಅಂತೀಯಾ?"

ಲಿಫ್ಟಣ್ಣ ಹೌದೆಂದು ತಲೆ ಆಡಿಸಿದ.

ಷಡ್ಡಕ ಲೋಟ ಕೆಳಗಿಟ್ಟ. ಆಮೇಲೆ ಹೆಂಡತಿಯ ಕಡೆ ತಿರುಗಿ, ಇವನು ಬಾಯಲ್ಲಿ ಲೆಕ್ಕ ಹಾಕೋದೂ ಇಲ್ಲ ಕಣೇ, ಎಂದ. ಅಂದು ಹೋಗುವಾಗ ಮೊದಲ ಬಾರಿಗೆ ಲಿಫ್ಟಣ್ಣನಿಗೆ ಕೈ ಕೊಟ್ಟ. ಇನ್ನೂ ಐದು ಒಗಟು ಕೇಳಿದ್ದ, ಐದಕ್ಕೂ ತಾನೇ ಉತ್ತರ ಹೇಳಿದ್ದ, ಆರಕ್ಕೆ ಆರು ಅಂಕ ಲಿಫ್ಟಣ್ಣನಿಗೆ ಕೊಟ್ಟಿದ್ದ.

ಇತ್ತ ಮೂರು ತಿಂಗಳು ಮುಗಿಯುತ್ತ ಬಂತು. ಎಂಟನೇ ಮಹಡಿಯಲ್ಲಿ ಸಭೆ ಸೇರಿತು. ಇಂಥ ಬುದ್ಧಿವಂತನನ್ನು ಹತ್ತೊಂಬತ್ತು ವರ್ಷ ಹಿಡಿ ತಿರುಗಿಸಲು ಕೂರಿಸಿದವರು ಯಾರು ಎಂದು ದೊಡ್ಡ ಸಾಹೇಬರು ಕೇಳಿದರಂತೆ. ಕೂರಿಸಿದ್ದು ಸಾಹೇಬರೇ. ಅಲ್ಲೇ ಆದೇಶವಾಯಿತು. ಲಿಫ್ಟ್ ಚಾಲಕನ ಹುದ್ದೆ ಹೋಗುತ್ತದೆ. ಅದರ ಬದಲು ಎಂಟನೇ ಮಹಡಿಯಲ್ಲಿ ಸಮಸ್ಯಾ ಪರಿಹಾರ ಕೋಶ. ಅದಕ್ಕೆ ಒಬ್ಬನೇ ಒಬ್ಬ ನೌಕರ. ಆರು ತಿಂಗಳು ನೋಡುವುದು. ಬುದ್ಧಿ ಕೆಲಸ ಮಾಡಿದರೆ ಕಾಯಂ, ಇಲ್ಲವಾದರೆ ಮನೆಗೆ. ವರ್ಷಗಟ್ಟಲೆ ಯಾರಿಗೂ ಬಿಡಿಸಲಾಗದ ಕಡತಗಳನ್ನು ಇನ್ನು ಮುಂದೆ ಅವನಿಗೆ ಕಳಿಸತಕ್ಕದ್ದು.

ಕೋಣೆ ಕೊಟ್ಟರು, ಮೇಜು ಕೊಟ್ಟರು. ಬಾಗಿಲಿಗೆ ಒಂದು ಫಲಕ ಹಾಕಿದರು: "ಯೋಚನೆ ನಡೆಯುತ್ತಿದೆ, ಒಳಗೆ ಬರಬೇಡಿ." ಯಾರೂ ಬರಲಿಲ್ಲ. ಆ ಸೋಮವಾರದ ಪದಬಂಧದಲ್ಲಿ ಲಿಫ್ಟಣ್ಣ ಸಂಜೆಯವರೆಗೆ ಒಬ್ಬನೇ ಕೂತು ಎರಡು ಪದ ತುಂಬಿದ. ಎರಡೂ ಒಂದನ್ನೊಂದು ದಾಟುವ ಕಡೆ ಅಕ್ಷರ ಬೇರೆಬೇರೆಯಾಗಿತ್ತು.

ಮೊದಲ ಕಡತ ನಾಲ್ಕನೇ ಮಹಡಿಯ ನಕ್ಷೆ ವಿಭಾಗದ್ದು: ಪಶ್ಚಿಮದ ಕಿಟಕಿ ತೆರೆಯದಿರುವ ಬಗ್ಗೆ. ಹನ್ನೊಂದು ವರ್ಷದ್ದು. ಕಿಟಕಿ ನಮ್ಮದಲ್ಲ, ಗೋಡೆಯದ್ದು, ಎಂದು ನಕ್ಷೆಯವರು ಬರೆದಿದ್ದರು. ಗೋಡೆ ನಮ್ಮದು, ತೆರೆಯುವುದು ನಮ್ಮ ಕೆಲಸವಲ್ಲ, ಎಂದು ಎಂಜಿನಿಯರು. ಮುಚ್ಚಿದ ಆದೇಶ ಸಿಕ್ಕಿಲ್ಲ ಎಂದು ರೆಕಾರ್ಡ್ ರೂಮು. ಆದೇಶ ಸಿಗದೆ ತೆರೆದರೆ ಹೊಣೆ ಯಾರದು ಎಂದು ಕಾನೂನು. ಹೀಗೆ ಕಡತ ಮೇಲೆ ಕೆಳಗೆ ಇನ್ನೂರ ಹದಿನಾರು ಸಲ ಓಡಾಡಿತ್ತು. ಪ್ರತಿ ಸಲವೂ ಅದನ್ನು ಲಿಫ್ಟಿನಲ್ಲಿ ಹೊತ್ತೊಯ್ದವನು ಲಿಫ್ಟಣ್ಣ.

ಅವನು ಮೂರು ದಿನ ಕಡತ ನೋಡಿದ. ಕಡತ ಅವನನ್ನು ನೋಡಿತು. ನಾಲ್ಕನೇ ದಿನ ಕೋಣೆಯಲ್ಲಿ ಉಸಿರು ಕಟ್ಟಿದ ಹಾಗಾಗಿ, ಕಡತ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಹಳೆಯ ಲಿಫ್ಟಿನಲ್ಲಿ ನಿಂತ. ಹೊಸದು ಇನ್ನೂ ಬಂದಿರಲಿಲ್ಲ. ಜನ ಹತ್ತಿದರು, ಅಭ್ಯಾಸಬಲದಿಂದ ಹಿಡಿಯನ್ನು ಅವನಿಗೇ ಬಿಟ್ಟರು. ಕಡತವನ್ನು ಸ್ಟೂಲಿನ ಮೇಲೆ ತೆರೆದಿಟ್ಟು ಲಿಫ್ಟಣ್ಣ ಮೇಲೆ ಹೊರಟ.

ಐದರಿಂದ ಏಳರ ನಡುವೆ ಎಂಜಿನಿಯರು ಬಗ್ಗಿ ಓದಿ, ಓ ಇದಾ, ಬಣ್ಣ ಬಳಿಯುವಾಗ ಗಾಳಿಗೆ ಹೊಡೆದುಕೊಳ್ಳುತ್ತಿತ್ತು, ನಾವೇ ಒಂದು ಮೊಳೆ ಹೊಡೆದಿದ್ದೆವು, ಎಂದರು. ಮತ್ತೆ ಯಾಕೆ ಸಾರ್ ಬರೆಯಲಿಲ್ಲ ಎಂದರೆ, ಮೊಳೆ ಬಗ್ಗೆ ಯಾರೂ ಕೇಳಿಲ್ಲ, ಕೇಳಿದ್ದೆಲ್ಲ ಕಿಟಕಿ ಬಗ್ಗೆ, ಎಂದು ಇಳಿದರು. ಕೆಳಗೆ ಬರುವಾಗ ಕಾನೂನು ಅಧಿಕಾರಿಗಳು, ಮೊಳೆ ತೆಗೆಯಬಾರದು ಅಂತ ಯಾವ ಕಾನೂನಿದೆ, ಎಂದರು. ಎರಡನೇ ಮಹಡಿಯಲ್ಲಿ ರೆಕಾರ್ಡ್ ರೂಮಿನವನು, ಇಕ್ಕಳ ನನ್ನ ಹತ್ತಿರವೇ ಇದೆ, ಎಂದ. ಲಿಫ್ಟಣ್ಣ ಕಡತದ ಕೊನೆಯಲ್ಲಿ ಗುಂಡು ಅಕ್ಷರದಲ್ಲಿ ಬರೆದ: ಮೊಳೆ ಕೀಳುವುದು. ಕಿತ್ತರು. ಕಿಟಕಿ ತೆರೆಯಿತು. ಹನ್ನೊಂದು ವರ್ಷದ ನಂತರ ಗಾಳಿ ಬಂದು ನಕ್ಷೆಗಳೆಲ್ಲ ಹಾರಿಹೋದವು, ಆ ಮಾತು ಬೇರೆ. ದೊಡ್ಡ ಸಾಹೇಬರು ಆ ಎರಡು ಪದಗಳನ್ನು ಎಲ್ಲ ವಿಭಾಗಗಳಿಗೂ ನಕಲು ಮಾಡಿಸಿ ಕಳಿಸಿದರು. ಬರೆದರೆ ಹೀಗೆ ಬರೆಯಬೇಕು, ಎಂದು ಕೆಳಗೆ ಷರಾ ಹಾಕಿದರು.

ಆಮೇಲೆ ಲಿಫ್ಟಣ್ಣ ಕೋಣೆಯಲ್ಲಿ ಕೂರಲೇ ಇಲ್ಲ. ಯೋಚನೆ ಮಾಡಲು ನನಗೆ ಓಡಾಟ ಬೇಕು, ಎಂದು ಹೇಳಿದ. ದೊಡ್ಡವರ ಬುದ್ಧಿ ಹಾಗೇ ಇರುತ್ತದೆ ಎಂದು ಎಲ್ಲರೂ ಒಪ್ಪಿದರು. ನಾಲ್ಕು ತಿಂಗಳಲ್ಲಿ ಒಂಬತ್ತು ಕಡತ ಬಿಡಿಸಿದ. ಪದಬಂಧವೂ ತುಂಬುತ್ತಿತ್ತು. ಹೆಂಡತಿ ಪಟ್ಟಿಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದಳು.

ಐದನೇ ತಿಂಗಳ ಕೊನೆಗೆ ಹೊಸ ಲಿಫ್ಟ್ ಬಂತು. ಒಂದು ಮಹಡಿಗೆ ಎರಡು ಸೆಕೆಂಡು. ಸದ್ದಿಲ್ಲ. ಒಳಗೆ ಹಿಂದಿನ ಗೋಡೆಗೆ ಮೇಲಿಂದ ಕೆಳಗಿನವರೆಗೆ ಕನ್ನಡಿ.

ಲಿಫ್ಟಣ್ಣನ ಬುದ್ಧಿ ಅಂದಿಗೆ ಹೋಯಿತು. ಕಡತವನ್ನು ಎದೆ ಮೇಲೆ ತೆರೆದುಕೊಂಡು ಇಡೀ ದಿನ ಮೇಲೆ ಕೆಳಗೆ ಹೋದ. ಹತ್ತಿದವರೆಲ್ಲ ಅವನಿಗೆ ಬೆನ್ನು ಮಾಡಿ ಕನ್ನಡಿ ನೋಡಿದರು. ಟೈಪಿಸ್ಟ್ ಅಮ್ಮ ಕಿವಿಯೋಲೆ ಸರಿಮಾಡಿಕೊಂಡರು. ಎಂಜಿನಿಯರು ಹೊಟ್ಟೆ ಒಳಗೆಳೆದುಕೊಂಡು ನಿಂತು, ಮಹಡಿ ಬಂದಾಗ ಬಿಟ್ಟರು. ಕಾನೂನು ಅಧಿಕಾರಿಗಳು ತಮ್ಮ ತಲೆಯಲ್ಲಿ ಉಳಿದಿದ್ದ ಕೂದಲನ್ನು ಎಡದಿಂದ ಬಲಕ್ಕೆ ಹಂಚಿದರು. ತಮ್ಮ ಮುಖಕ್ಕಿಂತ ಆಸಕ್ತಿಯ ಸಮಸ್ಯೆ ಅವರಿಗೆ ಬೇರೆ ಕಾಣಲಿಲ್ಲ. ಲಿಫ್ಟಣ್ಣ ಸುಳಿವನ್ನು ಗಟ್ಟಿಯಾಗಿ ಓದಿ ನೋಡಿದ. ಎರಡು ಸೆಕೆಂಡಿನಲ್ಲಿ ಅರ್ಧ ಓದುವಷ್ಟರಲ್ಲಿ ಬಾಗಿಲು ತೆರೆಯುತ್ತಿತ್ತು.

ಆಗ ಅವನ ಮೇಜಿನ ಮೇಲಿದ್ದದ್ದು ಎರಡನೇ ಮಹಡಿಯ ಗಡಿಯಾರ ಏಳು ನಿಮಿಷ ಹಿಂದೆ ಓಡುತ್ತಿರುವ ಬಗ್ಗೆ ಎಂಬ ಕಡತ. ಮೂರು ವಾರವಾದರೂ ಗಡಿಯಾರ ಅಲ್ಲೇ, ಏಳು ನಿಮಿಷ ಅಲ್ಲೇ. ವಾರಪತ್ರಿಕೆಯ ಪಟ್ಟಿಯಲ್ಲೂ ಹೆಸರು ಬರುವುದು ನಿಂತಿತು. ಆರು ತಿಂಗಳು ತುಂಬಲು ಎಂಟು ದಿನವಿದ್ದಾಗ ಸಿಬ್ಬಂದಿ ಮೇಡಂ ಮೆಮೊ ಕಳಿಸಿದರು. ಕಳೆದ ಮೂರು ವಾರಗಳಿಂದ ತಮ್ಮ ಬುದ್ಧಿ ಕೆಲಸ ಮಾಡದಿರಲು ಕಾರಣವೇನೆಂದು ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು, ತಪ್ಪಿದಲ್ಲಿ ತಮಗೆ ಬುದ್ಧಿ ಇರಲೇ ಇಲ್ಲವೆಂದು ಭಾವಿಸಿ ಮನೆಗೆ ಕಳಿಸಲಾಗುವುದು.

ಲಿಫ್ಟಣ್ಣ ಮೆಮೊವನ್ನು ಹೆಂಡತಿಯ ಮುಂದಿಟ್ಟು ನೆಲದ ಮೇಲೆ ಕೂತ. ಏನು ಬರೆಯಲಿ ಎಂದ. ಅವಳು ಗೋಡೆಯ ಪಟ್ಟಿಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು; ಅವನ ಜೊತೆ ಬದುಕಿದ್ದವಳು ಅವಳು.

"ನಿಜ ಹೇಳಿಬಿಡಿ. ಹೋಗೋದಾದ್ರೆ ನಿಜ ಹೇಳಿ ಹೋಗೋಣ. ಮೈ ಬಗ್ಗಿಸಿದ್ರೆ ಎಲ್ಲಾದ್ರೂ ಒಂದು ಕೆಲಸ ಸಿಗುತ್ತೆ."

ವಿಚಾರಣೆ ದೊಡ್ಡ ಸಾಹೇಬರ ಕೋಣೆಯಲ್ಲಿ. ಎಂಟೂ ಮಹಡಿಯವರನ್ನು ಸಾಕ್ಷಿಗೆ ಕರೆದಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವರೆಲ್ಲ ಒಂದೇ ಕೋಣೆಯಲ್ಲಿ ಕೂತದ್ದು ಅದೇ ಮೊದಲು. ಒಬ್ಬರಿಗೊಬ್ಬರು ಮುಖ ಕೊಡದ ಹಾಗೆ ಕುರ್ಚಿಗಳನ್ನು ಒಂದೊಂದು ದಿಕ್ಕಿಗೆ ತಿರುಗಿಸಿಕೊಂಡಿದ್ದರು. ಲಿಫ್ಟಣ್ಣ ನಿಂತುಕೊಂಡ.

"ಸ್ವಾಮಿ, ಆ ಬುದ್ಧಿ ನಂದಲ್ಲ. ನಿಮ್ಮದೇ. ಲಿಫ್ಟಲ್ಲಿ ಒಬ್ಬೊಬ್ರು ಒಂದೊಂದು ಹೇಳಿದ್ರಿ, ನಾನು ಬರ್ಕೊಂಡೆ. ಕಡತಾನೂ ಹಂಗೇ. ಈಗ ಕನ್ನಡಿ ಬಂತು, ಯಾರೂ ಹೇಳ್ತಿಲ್ಲ. ನಂಗೇನೂ ಬರಲ್ಲ."

ಕಾನೂನು ಅಧಿಕಾರಿಗಳು ಕನ್ನಡಕ ಒರೆಸಿ ಹಾಕಿಕೊಂಡರು.

"ನಾನು ಹೇಳಿದ್ದು ವಾರಕ್ಕೊಂದು ಪದ. ಒಪ್ತೀನಿ. ಮಿಕ್ಕ ನಲವತ್ತೊಂದು ಯಾರು ಹೇಳಿದ್ರು?"

"ಇವರೇ ಸಾರ್. ಎಂಜಿನಿಯರ್ ಸಾಹೇಬ್ರು, ಮೇಡಂ, ಟೈಪಿಸ್ಟ್ ಅಮ್ಮ, ರೆಕಾರ್ಡ್ ರೂಮಿನೋರು..."

ಕಾನೂನು ಅಧಿಕಾರಿಗಳು ಎಂಜಿನಿಯರನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಇವರಾ?"

"ಯಾಕೆ, ನಾನು ಹೇಳಿದೀನಿ ಒಂದು," ಎಂದರು ಎಂಜಿನಿಯರು. "ಆದ್ರೆ ರೆಕಾರ್ಡ್ ರೂಮಿನೋನು ಹೇಳಿದಾನೆ ಅಂದ್ರೆ ನಾನು ನಂಬಲ್ಲ."

ರೆಕಾರ್ಡ್ ರೂಮಿನವನು, ತಾನು ಹೇಳಿದ್ದುಂಟು, ಆದರೆ ಸಿಬ್ಬಂದಿ ವಿಭಾಗದವರಿಗೆ ಪದ ಹೊಳೆಯುವುದೆಂದರೆ ಅದು ಪವಾಡ, ಎಂದ. ಸಿಬ್ಬಂದಿ ಮೇಡಂ, ತಾವು ಒಮ್ಮೊಮ್ಮೆ ಹೇಳಿದ್ದುಂಟು, ಆದರೆ ಮೂರನೇ ಮಹಡಿಯಲ್ಲಿ ಸೇರಿಸಿಕೊಳ್ಳುವಾಗ ಬುದ್ಧಿ ನೋಡಿಲ್ಲ, ಬೆರಳಿನ ವೇಗ ಮಾತ್ರ ನೋಡಿದ್ದೇವೆ, ಎಂದರು. ಟೈಪಿಸ್ಟ್ ಅಮ್ಮ, ಈ ಮೇಡಂ ಬರೆದ ಕಾಗದಗಳನ್ನು ತಿದ್ದಿ ಟೈಪು ಮಾಡುವವಳು ನಾನು, ಅವರ ಪದಸಂಪತ್ತು ನನಗೆ ಗೊತ್ತು, ಎಂದರು. ಕಡೆಗೆ ದೊಡ್ಡ ಸಾಹೇಬರು ಕೈ ಎತ್ತಿದರು. ತಾವೂ ಕೆಲವು ಪದ ಹೇಳಿದ್ದಾಗಿಯೂ, ತಮ್ಮ ಕೆಳಗಿನ ಏಳು ಮಹಡಿಗಳನ್ನು ಇಪ್ಪತ್ತು ವರ್ಷದಿಂದ ಬಲ್ಲವರಾದ್ದರಿಂದ ಈ ಮನುಷ್ಯನ ಹೇಳಿಕೆ ನಂಬಲು ಸಾಧ್ಯವೇ ಇಲ್ಲವೆಂದೂ ಹೇಳಿದರು.

"ದೇವರಾಣೆ ನಿಜ ಸ್ವಾಮಿ," ಎಂದ ಲಿಫ್ಟಣ್ಣ.

"ಇದು ದೊಡ್ಡತನ. ದೊಡ್ಡ ಬುದ್ಧಿಯವರು ಹೀಗೇ ಮಾತಾಡೋದು," ಎಂದರು ದೊಡ್ಡ ಸಾಹೇಬರು.

ತೀರ್ಮಾನವನ್ನು ಕಾನೂನು ಅಧಿಕಾರಿಗಳು ಅಲ್ಲೇ ಕೂತು ಬರೆದರು. ಕಚೇರಿಯ ಇತರ ಮಹಡಿಗಳಲ್ಲಿ ಬುದ್ಧಿ ಇದೆಯೆಂಬುದಕ್ಕೆ ಯಾವ ಸಾಕ್ಷ್ಯವೂ ದೊರೆತಿಲ್ಲ. ಆದರೆ ಬುದ್ಧಿಯನ್ನು ಬಳಸಿ ಕೆಲಸಗಳು ನಡೆದಿರುವುದು ದಾಖಲೆಯಲ್ಲಿದೆ. ಆದ್ದರಿಂದ ಅಷ್ಟೂ ಬುದ್ಧಿ ಸದರಿ ನೌಕರನ ಬಳಿಯೇ ಇರತಕ್ಕದ್ದು. ಮೂರು ವಾರ ಅದು ನಿಂತದ್ದು ಅತಿ ಬಳಕೆಯಿಂದ. ಒಂದು ತಿಂಗಳು ವಿಶ್ರಾಂತಿ ಕೊಟ್ಟು ಹುದ್ದೆ ಕಾಯಂ ಮಾಡುವುದು.

ಎಂಟೂ ಮಹಡಿಯವರು ಸಾಲಾಗಿ ಬಂದು ಅದಕ್ಕೆ ಸಹಿ ಹಾಕಿದರು. ಒಬ್ಬರೂ ಷರಾ ಬರೆಯಲಿಲ್ಲ, ಒಬ್ಬರೂ ಮೇಲಕ್ಕೆ ಕೆಳಕ್ಕೆ ಕಳಿಸಲಿಲ್ಲ. ಆ ಕಚೇರಿ ಕಟ್ಟಿದ ಮೇಲೆ ಒಂದೇ ಮಧ್ಯಾಹ್ನದಲ್ಲಿ ಮುಗಿದ ಕಡತ ಅದೊಂದೇ.

ಕೊನೆಗೆ ಕಾಗದವನ್ನು ಲಿಫ್ಟಣ್ಣನ ಮುಂದೆ ಸರಿಸಿದರು. ಒಪ್ಪಿದ್ದೇನೆ ಎಂದಿರುವ ಕಡೆ ನಿಮ್ಮದೊಂದು ಹಾಕಿ ಎಂದರು. ಲಿಫ್ಟಣ್ಣ ಪೆನ್ನಿನ ಟೋಪಿ ತೆಗೆದ. ಒಂದೊಂದೇ ಅಕ್ಷರ ಕೂಡಿಸಿ, ನಡುವೆ ನಿಂತು, ಉಸಿರು ಬಿಟ್ಟು, ತನ್ನ ಹೆಸರನ್ನು ಬರೆದು ಮುಗಿಸಲು ಅವನಿಗೆ ಒಂದು ನಿಮಿಷ ಹಿಡಿಯಿತು.

"ನೋಡಿದ್ರಾ," ಎಂದರು ಕಾನೂನು ಅಧಿಕಾರಿಗಳು ಪಕ್ಕದ ಎಂಜಿನಿಯರ ಕಿವಿಯಲ್ಲಿ. "ಸಹಿ ಹಾಕೋದಕ್ಕೂ ಎಷ್ಟು ಯೋಚನೆ ಮಾಡ್ತಾರೆ."